ಕೇರಿಯ ಸಂಕಟ, ಕೆರಿಯರ್‌ನ ಸಂಕಟ

ಈಚಿನ ವರ್ಷಗಳಲ್ಲಿ ಒಂದು ಹೊಸ ಪ್ರಕಾರ ಬೆಳೆದು ನಿಂತಿದೆ. ಅದನ್ನು ಸಾಹಿತ್ಯ ಎನ್ನಲು ನಮ್ಮ ವಿಮರ್ಶಕರು ಮೂಗು ಮುರಿಯಬಹುದು. ಮುರಿಯಲಿ. ರಾತ್ರಿ ಹಾಸ್ಟೆಲ್ಲಿನ ದೀಪ ಆರಿದ ಮೇಲೆ ನಮ್ಮ ತಮ್ಮ ತಂಗಿಯರು ಹೊದಿಕೆಯೊಳಗೆ ಮೊಬೈಲು ಹಿಡಿದು ನೋಡುತ್ತಿರುವುದು ಇದನ್ನೇ. ನಮ್ಮ ಕವಿತೆಗಳನ್ನಂತೂ ಅಲ್ಲ. ಒಂದೂವರೆ ನಿಮಿಷದ ರೀಲು. ಮುಖಕ್ಕೆ ಬೆಳಕು ಬಿಟ್ಟುಕೊಂಡು ಕೂತ ಒಬ್ಬ ಯುವಕನೋ ಯುವತಿಯೋ 'ನಾನೂ ಖಿನ್ನತೆಯಲ್ಲಿದ್ದೆ' ಎಂದು ಮಾತು ಶುರು ಮಾಡುತ್ತಾರೆ. ನಡುವೆ ದನಿ ಒಡೆಯುತ್ತದೆ. ಆಮೇಲೆ ಥೆರಪಿ, ಡೈರಿ ಬರೆಯುವುದು, ಬೆಳಗಿನ ಓಟ, ಗೆಲುವು. ಗೆಲುವಿನ ಕೆಳಗೆ ಒಂದು ಆ್ಯಪ್‌ನ ಹೆಸರು, ರಿಯಾಯಿತಿಯ ಕೋಡು. ಯುವಜನರ ಮಾನಸಿಕ ಆರೋಗ್ಯದ ಪರವಾಗಿ ಮಾತಾಡುವುದು ಹೀಗೆ ಒಂದು ಕೆರಿಯರ್ ಆಗಿಬಿಟ್ಟಿದೆ. ನಮ್ಮ ಹುಡುಗರೂ ಕೇಳುತ್ತಿದ್ದಾರೆ: ನಾವೂ ಮಾಡಬೌದಲ್ಲ, ನಮಗೇನು ನೋವು ಕಡಿಮೆ ಐತಾ?

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೇ ಈ ಪ್ರಕಾರವನ್ನು ಸುಮ್ಮನೆ ನಕ್ಕು ತಳ್ಳಿಹಾಕುವಂತಿಲ್ಲ.

ಮೊದಲು ಸಲ್ಲಬೇಕಾದ್ದು ಸಲ್ಲಲಿ. ನಿಮ್ಹಾನ್ಸ್ ಎಂದರೆ ಇವತ್ತಿಗೂ ನಮ್ಮೂರುಗಳಲ್ಲಿ 'ಹುಚ್ಚಾಸ್ಪತ್ರೆ'. ಅಲ್ಲಿಗೆ ಹೋಗಿಬಂದ ಹೆಣ್ಣಿಗೆ ಗಂಡು ಸಿಗುವುದು ಕಷ್ಟ, ಗಂಡಿಗೆ ಕೆಲಸ ಸಿಗುವುದು ಕಷ್ಟ. ಇಂಥ ಕಡೆ, ಬೆಂಗಳೂರಿನಲ್ಲಿ ಬೆಳೆದ ನಟಿ ದೀಪಿಕಾ ಪಡುಕೋಣೆ 2015ರಲ್ಲಿ ತನಗೆ ಖಿನ್ನತೆ ಬಂದಿತ್ತೆಂದು ಟೀವಿಯಲ್ಲಿ ಹೇಳಿದ್ದು ಸಣ್ಣ ಸಂಗತಿಯಲ್ಲ. ಆಕೆ ಕಟ್ಟಿದ ಸಂಸ್ಥೆ ಆಮೇಲೆ ದಾವಣಗೆರೆಯ ಹಳ್ಳಿಗಳಿಗೂ ಹೋಯಿತು. ನಾಚಿಕೆ ಒಂದಿಷ್ಟು ಮುರಿದಿದೆ. ಅದನ್ನು ಒಪ್ಪುತ್ತೇವೆ.

ಆದರೆ ರೀಲಿನ ಕಥೆಯ ಕಟ್ಟಡ ನೋಡಿ. ಅಲ್ಲಿ ಒಬ್ಬನೇ ಇದ್ದಾನೆ. ಅವನಿಗೆ ಬೀದಿ ಇಲ್ಲ, ಸಾಲ ಇಲ್ಲ, ಜಾತಿ ಇಲ್ಲ. ನೋವು ಎಲ್ಲಿಂದಲೋ ಮೋಡದ ಹಾಗೆ ಬಂತು, ಅವನೊಳಗೇ ಸುರಿಯಿತು, ಅವನ ಪ್ರಯತ್ನದಿಂದಲೇ ತಿಳಿಯಾಯಿತು. ಈ ಒಂಟಿ ಮನುಷ್ಯನನ್ನು ನಾವು ಮೊದಲೇ ಕಂಡಿದ್ದೇವೆ. ನವ್ಯದ ಅನಾಥಪ್ರಜ್ಞೆಯ ನಾಯಕ ಇವನೇ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಟ್ಟಿದ ಹಿರಿಯರು ಜಗಳ ತೆಗೆದದ್ದು ಇವನ ಜೊತೆಗೇ. (ನವ್ಯರು ಒಳ್ಳೆಯ ಪದ್ಯಗಳನ್ನಾದರೂ ಬರೆದರು, ಅದು ಬೇರೆ ಮಾತು.) ಇದರ ಪಕ್ಕದಲ್ಲಿ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಇಟ್ಟು ನೋಡಿ. ಅಲ್ಲೂ 'ನಾನು' ಇದ್ದಾನೆ, ಅವಮಾನ ಇದೆ. ಆದರೆ ಆ 'ನಾನು' ಬಾಯಿ ತೆರೆದರೆ ಇಡೀ ಕೇರಿ ಸಾಕ್ಷಿಗೆ ಬಂದು ನಿಲ್ಲುತ್ತದೆ. ಅವಮಾನ ಮಾಡಿದವನ ಮುಖವೂ ಕಾಣುತ್ತದೆ. ರೀಲಿನಲ್ಲಿ ನೋವಿದೆ, ನೋಯಿಸಿದವನು ಮಾತ್ರ ಇಲ್ಲ.

ಭಾಷೆಯೂ ಹಾಗೇ. ಖಿನ್ನತೆ, ಆತಂಕ, ಸ್ವ-ಆರೈಕೆ: ಇವೆಲ್ಲ ಇಂಗ್ಲಿಷಿನಿಂದ ನೇರ ಇಳಿದುಬಂದ ಇಸ್ತ್ರಿ ಮಾತುಗಳು. ನಮ್ಮ ತಾಯಂದಿರು 'ಎದೆ ಮ್ಯಾಲೆ ಕಲ್ಲು ಏರ್ದಂಗೈತೆ' ಅಂತಾರೆ. 'ಅನ್ನ ಗಂಟ್ಲಲ್ಲಿ ಇಳಿಯಲ್ಲ', 'ಮಗ ಏನೋ ಮನ್ಸಿಗೆ ಹಚ್ಕೊಂಡವ್ನೆ' ಅಂತಾರೆ. 'ಮನಸ್ಸಿಗೆ ಹಚ್ಚಿಕೊಳ್ಳುವುದು' ಎಂಬ ಮಾತಿನಲ್ಲಿ ಹಚ್ಚಿಕೊಳ್ಳುವುದಕ್ಕೆ ಹೊರಗೆ ಏನೋ ನಡೆದಿದೆ ಎಂಬ ತಿಳಿವಳಿಕೆ ಇದೆ. ಏನು ನಡೆಯಿತು ಎಂದು ಕೇಳದೆ ಮುಂದಕ್ಕೆ ಹೋಗಲು ಆ ಮಾತು ಬಿಡುವುದಿಲ್ಲ. 'ಖಿನ್ನತೆ' ಬಿಡುತ್ತದೆ. ಇದೇ ತಾಯಂದಿರು 'ಗಾಳಿ ಮೆಟ್ಕೊಂಡೈತೆ' ಎಂದು ಮಂತ್ರವಾದಿಯ ಹತ್ತಿರ ಕರೆದೊಯ್ಯುವುದೂ ಉಂಟು, ಆದ್ದರಿಂದ ಜನರ ಮಾತನ್ನೆಲ್ಲ ತಲೆ ಮೇಲೆ ಹೊತ್ತುಕೊಳ್ಳಿ ಎನ್ನುತ್ತಿಲ್ಲ. ಆದರೆ ಹಳ್ಳಿ ಮೇಷ್ಟ್ರು ಮಗುವನ್ನು ಮಾತಾಡಿಸಬೇಕಾದ್ದು ಈ ಮಾತುಗಳಲ್ಲೇ.

ಕೇಳದೆ ಮುಂದಕ್ಕೆ ಹೋದರೆ ಏನಾಗುತ್ತದೆ? 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ತೀರಿಕೊಂಡ. ಅವನ ಫೆಲೋಶಿಪ್ ತಿಂಗಳುಗಟ್ಟಲೆ ನಿಂತಿತ್ತು, ಹಾಸ್ಟೆಲ್ಲಿನಿಂದ ಹೊರಗೆ ಹಾಕಿದ್ದರು. ಕೇಂದ್ರ ಸರ್ಕಾರ ನೇಮಿಸಿದ ರೂಪನ್‌ವಾಲ್ ಆಯೋಗ ಅವನ ಸಾವಿಗೆ ಕೊಟ್ಟ ಕಾರಣ ವೈಯಕ್ತಿಕ ಹತಾಶೆ. 2023ರ ಫೆಬ್ರವರಿಯಲ್ಲಿ ಬಾಂಬೆ ಐಐಟಿಯಲ್ಲಿ ಮೊದಲ ವರ್ಷದ ವಿದ್ಯಾರ್ಥಿ ದರ್ಶನ್ ಸೋಲಂಕಿ ತೀರಿಕೊಂಡ. ಸಂಸ್ಥೆಯ ಒಳಸಮಿತಿ ಜಾತಿ ತಾರತಮ್ಯಕ್ಕೆ ಪುರಾವೆ ಇಲ್ಲವೆಂದು ಹೇಳಿ, ಓದಿನಲ್ಲಿ ಹಿಂದೆ ಬಿದ್ದದ್ದು ಕಾರಣ ಇರಬಹುದೆಂದಿತು. 'ಮನಸ್ಸು' ಎಂಬುದು ಅಧಿಕಾರದ ಕೈಯಲ್ಲಿ ಎಂಥ ಪೊರಕೆಯಾಗಬಲ್ಲದು ನೋಡಿ. ಗುಡಿಸಿದರೆ ಜಾತಿ ಚಾಪೆ ಕೆಳಗೆ. ಆಯೋಗದ ವರದಿ ಮತ್ತು ರೀಲು ಒಂದನ್ನೊಂದು ಕಂಡಿರಲಿಕ್ಕಿಲ್ಲ, ಆದರೂ ಎರಡರ ವ್ಯಾಕರಣ ಒಂದೇ: ತೊಂದರೆ ಇರುವುದು ನಿನ್ನ ತಲೆಯೊಳಗೆ. ವಿದ್ಯಾರ್ಥಿವೇತನ ಬಾರದೆ ಮೆಸ್ಸಿನ ಬಾಕಿ ಏರಿದ ಹುಡುಗಿಗೆ, ಮೊದಲ ದಿನವೇ 'ನಿನ್ನ ರ‍್ಯಾಂಕ್ ಎಷ್ಟು?' ಎಂದು ಜಾತಿ ಕೇಳಿಸಿಕೊಂಡ ಹುಡುಗನಿಗೆ, ಉಸಿರಾಟದ ವ್ಯಾಯಾಮ ಹೇಳಿಕೊಟ್ಟರೆ ಅವರು ಉಸಿರಾಡಿಯಾರು. ಬಾಕಿ ತೀರುತ್ತದೆಯೇ?

ಇನ್ನು ದುಡ್ಡಿನ ಮಾತು. ನೋವು ಹೇಳಿ ದುಡಿಯಬಾರದು ಎಂಬ ಮಡಿವಂತಿಕೆ ನಮಗಿಲ್ಲ. ಹೊಟ್ಟೆ ಎಲ್ಲರಿಗೂ ಇದೆ. ಆದರೆ ಕೂಲಿ ಕೊಡುವವನು ಯಾರು? 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಗದ್ದೆ ಬದುವಿನ ಮೇಲೆ, ಇಟ್ಟಿಗೆ ಗೂಡಿನ ಮುಂದೆ ನಿಂತು ಹಾಡುತ್ತ ಕುಣಿಯುತ್ತ ಇದ್ದ ನಮ್ಮವರು ಒಂದೇ ರಾತ್ರಿಗೆ ನೋಡುಗರನ್ನು ಕಳೆದುಕೊಂಡರು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ಇಲ್ಲಿ ರೀಲು ಶುರು ಮಾಡಿತು. ಅಲ್ಲಿ ಕಂಪನಿ ಕಾಸು ಕೊಡುವುದು ನೋಡಲು ಚಂದ ಇರುವ ದುಃಖಕ್ಕೆ. ಜಾತಿಯ ಹೆಸರೆತ್ತಿದ ದುಃಖದ ಪಕ್ಕ ಯಾವ ಸೋಪಿನವನು ತನ್ನ ಜಾಹೀರಾತು ಇಡುತ್ತಾನೆ? ದಿನಾ ಒಂದು ವಿಡಿಯೊ ಹಾಕದಿದ್ದರೆ ಯಂತ್ರ ಮರೆತುಬಿಡುತ್ತದೆ. ಅಂದಮೇಲೆ ದಿನಾ ನೋಯಬೇಕು. ಇದು ದಿನಗೂಲಿಯೇ, ಮೇಲೊಂದು ಹೊಸ ಅಂಗಿ. ಪೂರ್ತಿ ಗುಣವಾದ ದಿನ ಈ ಕೆಲಸವೂ ಹೋಗುತ್ತದೆ.

ಕೇಳುವವನ ಗುಟ್ಟಿಗೂ ಬೆಲೆ ಕಟ್ಟುವವರಿದ್ದಾರೆ. ಅಮೆರಿಕದಲ್ಲಿ ಫೋನಿನಲ್ಲೇ ಥೆರಪಿ ಕೊಡುವ ಬೆಟರ್‌ಹೆಲ್ಪ್ ಎಂಬ ಕಂಪನಿ, ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು, ಬಂದವರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ಗಳಿಗೆ ದಾಟಿಸಿತ್ತು. 2023ರಲ್ಲಿ ಅಲ್ಲಿನ ಸರ್ಕಾರಿ ಆಯೋಗ ಅದರಿಂದ 78 ಲಕ್ಷ ಡಾಲರ್ ಕಕ್ಕಿಸಿತು. ಹಾಸ್ಟೆಲ್ಲಿನ ಹುಡುಗಿ ಇಂಥ ಯಾವುದೋ ಆ್ಯಪ್‌ನಲ್ಲಿ ತನ್ನ ಸಂಕಟ ಬರೆಯುವ ಮೊದಲು ಇದನ್ನು ತಿಳಿದಿರಬೇಕು.

ಎಲ್ಲಕ್ಕಿಂತ ನಮಗೆ ಭಯವಾಗುವುದು ನಡುರಾತ್ರಿಯ ಸಂದೇಶ. ಎರಡು ಲಕ್ಷ ಮಂದಿ ಹಿಂಬಾಲಿಸುವವನಿಗೆ ಒಂದು ಮಗು 'ಅಣ್ಣಾ, ಬದುಕೋಕೆ ಆಗ್ತಿಲ್ಲ' ಎಂದು ಬರೆಯುತ್ತದೆ. ಅವನು ನಿದ್ದೆಯಲ್ಲಿರುತ್ತಾನೆ. ಎದ್ದಿದ್ದರೂ ಏನು ಹೇಳಬೇಕೆಂದು ಅವನಿಗೆ ಯಾರೂ ಕಲಿಸಿಲ್ಲ. ಕಲಿತವರು ಕೂರುವ ಜಾಗ ಒಂದಿದೆ: 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ನಂಬರು 14416. ಇಪ್ಪತ್ನಾಲ್ಕು ಗಂಟೆ, ಬಿಟ್ಟಿ, ಕನ್ನಡದಲ್ಲೇ ಮಾತಾಡಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಸರ್ಕಾರಿ ಖರ್ಚಿನಲ್ಲಿ ಚಿಕಿತ್ಸೆ ಪಡೆಯುವುದನ್ನು ಹಕ್ಕು ಎಂದಿದೆ. ಸಾಯಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ತಿಳಿಯಬೇಕು, ಶಿಕ್ಷಿಸಬಾರದು ಎಂದಿದೆ. ಹಾಗಿದ್ದೂ, ನಿಮ್ಹಾನ್ಸ್‌ನ 2015–16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಬೇರೆ ಬೇರೆ ಕಾಯಿಲೆಗಳವರಲ್ಲಿ ನೂರಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಆದ್ದರಿಂದ ಕೇಳಿದ ಹುಡುಗರಿಗೆ ನಮ್ಮ ಉತ್ತರ: ಮಾತಾಡ್ರಪ್ಪ, ಬಿಡಬೇಡಿ. ಆದರೆ ನೋಯಿಸಿದವನ ಹೆಸರು ಬಿಟ್ಟು ಮಾತಾಡಬೇಡಿ, ರಿಯಾಯಿತಿ ಕೋಡಿನ ಜಾಗದಲ್ಲಿ 14416 ಹಾಕಿ. ಕೆರಿಯರ್ರೇ ಬೇಕೆಂದರೆ ಇನ್ನೊಂದು ದಾರಿಯೂ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನಸ್ಸಿನ ಚಿಕಿತ್ಸೆ ಹಳ್ಳಿಯಲ್ಲೇ ಆಗುತ್ತದೆಂದು ತೋರಿಸಿದರು. 1996ರಲ್ಲಿ ಅದೇ ಮಾದರಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸುಗಳು ಆ ತಂಡದಲ್ಲಿರಬೇಕು. ಆ ಕುರ್ಚಿಗಳಲ್ಲಿ ನಮ್ಮ ಕೇರಿಯ ಮಕ್ಕಳು ಎಷ್ಟು ಜನ ಕೂತಿದ್ದಾರೆ? 'ಕಲ್ಲು ಏರ್ದಂಗೈತೆ' ಎಂದರೆ ಅನುವಾದ ಬೇಡದ ಕಿವಿ ಅಲ್ಲಿ ಬೇಕಾಗಿದೆ. ಆ ಓದಿಗೆ ಸೀಟು, ಸ್ಟೈಪೆಂಡು ಕೇಳಿ ಚಳವಳಿ ಹೂಡುವುದಾದರೆ ಈ ಪತ್ರಿಕೆಯ ಗೆಳೆಯರೆಲ್ಲ ಜೊತೆಗಿರುತ್ತೇವೆ.

ಮೇಷ್ಟ್ರುಗಳಿಗೆ, ಹಾಸ್ಟೆಲ್ ಹುಡುಗರಿಗೆ ಈ ತಿಂಗಳೇ ಮಾಡಬಹುದಾದ ಒಂದು ಕೆಲಸ ಉಳಿದಿದೆ. ನಾವು ಹೋಗಿ ನೋಡಿದ ಹಾಸ್ಟೆಲ್ಲುಗಳ ಗೋಡೆಯ ಮೇಲೆ ಸೋಮವಾರ ಉಪ್ಪಿಟ್ಟು, ಮಂಗಳವಾರ ಚಿತ್ರಾನ್ನ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. 14416 ಎಲ್ಲೂ ಕಾಣಲಿಲ್ಲ. ಒಂದು ಡಬ್ಬಿ ಬಣ್ಣ, ಒಂದು ಕುಂಚ ಸಾಕು, ಅನುಮತಿಗೆ ಕಾಯಬೇಡಿ.