ಬಿಚ್ಚಿ ಜೋಡಿಸುವ ಸುಖ

‘ಆರ್ಮರ್ಡ್ ಕೋರ್ 6’ ವಿಡಿಯೋ ಆಟದಲ್ಲಿ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ್ದು ಕಾಳಗವಲ್ಲ, ಗ್ಯಾರೇಜು. ಜಪಾನಿನ ಫ್ರಮ್‌ಸಾಫ್ಟ್‌ವೇರ್ 1997ರಲ್ಲಿ ಆರಂಭಿಸಿದ ಈ ಸರಣಿ, ಹತ್ತು ವರ್ಷದ ಬಿಡುವಿನ ನಂತರ 2023ರ ಆಗಸ್ಟ್‌ನಲ್ಲಿ ಮರಳಿ ಬಂತು.

ಗ್ಯಾರೇಜಿನಲ್ಲಿ ನಾವು ನಡೆಸುವ ಯುದ್ಧರೋಬೋದ ತಲೆ, ಎದೆಗೂಡು, ತೋಳು, ಕಾಲು, ಬೂಸ್ಟರ್, ಜನರೇಟರ್ ಎಲ್ಲವನ್ನೂ ನಾವೇ ಆರಿಸಬೇಕು. ಎರಡು ಕೈಗೆ, ಎರಡು ಹೆಗಲಿಗೆ ಒಂದೊಂದು ಆಯುಧ. ಭಾರೀ ಫಿರಂಗಿ ಹೊರಿಸಿದರೆ ಕಾಲು ತಡೆಯಬೇಕು. ಗಟ್ಟಿ ಕಾಲು ಹಾಕಿದರೆ ವೇಗ ಇಳಿಯುತ್ತದೆ. ಜನರೇಟರ್ ಸಾಲದಿದ್ದರೆ ಯಂತ್ರ ಹೊರಡುವುದೇ ಇಲ್ಲ. ನಾಲ್ಕು ಕಾಲಿನ ರೋಬೋ ಗಾಳಿಯಲ್ಲಿ ತೇಲಿ ನಿಂತು ಗುಂಡು ಹಾರಿಸುತ್ತದೆ. ಟ್ಯಾಂಕಿನ ಪಟ್ಟಿಗಾಲು ಹಾಕಿದರೆ ಅದೇ ರೋಬೋ ನೆಲ ಕಚ್ಚಿ ನುಗ್ಗುತ್ತದೆ. ಕೈಯಲ್ಲಿ ಹಿಡಿದ ಕಂಟ್ರೋಲರ್ ಒಂದೇ, ಆಡುವ ರೀತಿಯೇ ಬೇರೆ!

ಮೊದಲ ಅಧ್ಯಾಯದ ಕೊನೆಗೆ ಬರುವ ಬಾಲ್ಟಿಯಸ್ ಎಂಬ ದೈತ್ಯ ಈ ವಿನ್ಯಾಸದ ಜಾಣ್ಮೆಯನ್ನು ಚೆನ್ನಾಗಿ ತೋರಿಸುತ್ತದೆ. ಅದರ ಸುತ್ತಲಿನ ಶಕ್ತಿಕವಚಕ್ಕೆ ಪಲ್ಸ್ ಗನ್ ಹಿಡಿದರೆ ಕವಚ ಬೇಗ ಕಳಚುತ್ತದೆ. ಬೆರಳಿನ ಚುರುಕಿನಷ್ಟೇ ಬೆಲೆ ಇಲ್ಲಿ ಯೋಚನೆಗೂ ಇದೆ. ಸೋತರೆ ಅಲ್ಲಿಂದಲೇ ಬಿಡಿಭಾಗ ಬದಲಿಸಿ ಮತ್ತೆ ಇಳಿಯಬಹುದು. ಕೊಂಡ ಭಾಗವನ್ನು ಆಟದೊಳಗಿನ ಅಂಗಡಿ ಪೂರ್ತಿ ಬೆಲೆಗೇ ವಾಪಸ್ ಪಡೆಯುತ್ತದೆ. ಪ್ರಯೋಗಕ್ಕೆ ದಂಡ ಹಾಕದ ಈ ಔದಾರ್ಯವೇ ನನಗೆ ಆಟದ ಅತಿ ದೊಡ್ಡ ಗುಣವಾಗಿ ಕಂಡಿತು.

ಅಂಕಿಗಳಿಂದ ತುಂಬಿದ ಪರದೆ ಹೊಸಬರನ್ನು ಹೆದರಿಸುತ್ತದೆ, ನಿಜ. ಅದಕ್ಕಾಗಿ ಬಿಟ್ಟುಬಿಡಬೇಡಿ. ಭಾರ, ವಿದ್ಯುತ್ತು ಇವೆರಡನ್ನಷ್ಟೇ ನೋಡಿಕೊಂಡು ಶುರುಮಾಡಿ.