ಲೆಕ್ಕ ತಾಳೆಯಾಗದ ರಾತ್ರಿ

ಕೆಲಸ ಕಳೆದುಕೊಂಡವನಿಗೆ ನಮ್ಮ ಮನೆಗಳಲ್ಲಿ ಮೊದಲು ಸಿಗುವ ಸಮಾಧಾನ, ‘ನೀನ್ಯಾಕೆ ಚಿಂತೆ ಮಾಡ್ತೀಯಾ, ನಾವೆಲ್ಲ ಇಲ್ವಾ?’ ಆ ಮಾತಿನ ಬೆಲೆ ಸಣ್ಣದಲ್ಲ. ಆದರೆ ಅನ್ನ ಹಾಕಿದ ಮಾತ್ರಕ್ಕೆ ಮನೆ ಆಸರೆಯಾದಂತಾಯಿತೇ? ಈ ಪ್ರಶ್ನೆ ಇಟ್ಟುಕೊಂಡು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಕಿರುಕಾದಂಬರಿಯನ್ನು ಮತ್ತೆ ಓದಬಹುದು.

ಅದರ ನಿರೂಪಕ ಹೆಸರಿಗೆ ನಿರುದ್ಯೋಗಿಯಲ್ಲ. ಚಿಕ್ಕಪ್ಪ ಕಟ್ಟಿದ ಮಸಾಲೆ ಕಂಪನಿಯಲ್ಲಿ ಅವನಿಗೊಂದು ಹುದ್ದೆಯಿದೆ, ಮಾಡಲು ಕೆಲಸವಿಲ್ಲ. ಹಣಕ್ಕೆ ಕೊರತೆಯಿಲ್ಲ, ಹುಟ್ಟಿದ ಮನೆಯಲ್ಲಿ ಹಂಗಿಸುವವರಿಲ್ಲ. ಆದರೂ ಅವನು ನೆಮ್ಮದಿ ಹುಡುಕಿ ಕಾಫಿ ಹೌಸಿಗೆ ಹೋಗುತ್ತಾನೆ, ವೇಟರ್ ವಿನ್ಸೆಂಟ್ ಆಡುವ ಒಂದೆರಡು ಮಾತಿಗೆ ಕಾಯುತ್ತಾನೆ.

ಅಪ್ಪನ ಕಥೆ ಇದರ ಇನ್ನೊಂದು ಮುಖ. ಅವನು ಸೇಲ್ಸ್‌ಮನ್ ಆಗಿದ್ದ ಕಾಲದಲ್ಲಿ ಒಂದು ರಾತ್ರಿ ಲೆಕ್ಕ ತಾಳೆಯಾಗದೆ ಮನೆಮಂದಿಯೆಲ್ಲ ಕಂಗಾಲಾಗುತ್ತಾರೆ. ಅವನ ಕೆಲಸ ಆಗ ಎಲ್ಲರ ಕೆಲಸ. ಕೆಲಸ ಹೋಗಿ, ಸಿರಿವಂತಿಕೆ ಬಂದ ಮೇಲೆ ಅದೇ ಅಪ್ಪ ಮೂಲೆಗೆ ಸರಿಯುತ್ತಾನೆ. ಈಗ ಮನೆಯವರ ಆತಂಕ ಅವನ ಪಾಲಿನ ಆಸ್ತಿಯ ಬಗ್ಗೆ.

ಆಸ್ಟ್ರಿಯಾದ ಮಾರಿಯೆಂತಾಲ್ ಹಳ್ಳಿಯಲ್ಲಿ ಬಟ್ಟೆ ಗಿರಣಿ ಮುಚ್ಚಿದ ಮೇಲೆ ಮಾರೀ ಯಹೋಡಾ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1933ರಲ್ಲಿ ಪ್ರಕಟವಾಯಿತು. ಜನರಿಗೆ ಬೇಕಾದಷ್ಟು ಬಿಡುವಿತ್ತು. ಆದರೂ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಇಳಿಯಿತು. ಕೆಲಸವೆಂದರೆ ಸಂಬಳ ಮಾತ್ರವಲ್ಲ. ದಿನಕ್ಕೊಂದು ಅಂಕೆ, ನಾಲ್ಕು ಜನರ ಒಡನಾಟ, ‘ನಾನೂ ಬೇಕಾದವನು’ ಎಂಬ ನಂಬಿಕೆ. ನಿರೂಪಕನಿಗೆ ಮನೆ ಕೊಡಲಾರದ್ದು ಇದನ್ನೇ.

ಸ್ವಂತವಾಗಿ ದುಡಿಯೆಂದು ಅವನನ್ನು ಒತ್ತಾಯಿಸುವವಳು ಹೆಂಡತಿ ಅನಿತಾ. ಅವಳ ಮಾತು ಚುಚ್ಚುತ್ತದೆ. ಆದರೆ ಅವನನ್ನು ಕೈಲಾಗುವ ಮನುಷ್ಯನೆಂದು ಎಣಿಸಿದವಳೂ ಅವಳೇ. ಆ ಮನೆಗೆ ಸಹಿಸಲಾಗದವಳೂ ಅವಳೇ.

ಈ ಓದಿಗೂ ಮಿತಿಯಿದೆ. ಸಂಬಳ ನಿಂತು ಬಾಡಿಗೆಗೂ ಪರದಾಡುವವನಿಗೆ ಮೊದಲು ಬೇಕಾದದ್ದು ಅನ್ನವೇ. ಅವನ ಮುಂದೆ ಅನಿತಾಳ ಕಟುಮಾತು ಆಡಿದರೆ ಅವನು ಇನ್ನಷ್ಟು ಕುಗ್ಗಿಯಾನು. ಹಾಗೆಂದು ಏನನ್ನೂ ಕೇಳದೆ ಬಿಡುವುದೂ ಪ್ರೀತಿಯಲ್ಲ. ‘ಇವತ್ತು ಏನು ಮಾಡಿದೆ?’ ಎಂಬುದನ್ನು ವಿಚಾರಣೆಯಂತೆ ಕೇಳಬಹುದು. ಲೆಕ್ಕ ತಪ್ಪಿದ ಆ ರಾತ್ರಿಯಂತೆ ಪಕ್ಕದಲ್ಲಿ ಕೂತೂ ಕೇಳಬಹುದು. ಶ್ರೀಮಂತವಾದ ಆ ಮನೆ ಮರೆತದ್ದು ಹಾಗೆ ಕೂರುವುದನ್ನು.