ತಾಲ್ಲೂಕಿನ ಲೆಕ್ಕ, ಗುಳೆಯ ಲೆಕ್ಕ: ದಿಲ್‌ಸುಖ್‌ನಗರದಿಂದ ನಂಜುಂಡಪ್ಪ ವರದಿಯ ಒಂದು ಓದು

ಡಾ. ಡಿ.ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಪ್ರಾದೇಶಿಕ ಅಸಮತೋಲನ ನಿವಾರಣಾ ಸಮಿತಿಯ ವರದಿಯನ್ನು ಕುರಿತ ಚರ್ಚೆಯಲ್ಲಿ ಬಹುಪಾಲು ಅರ್ಥಶಾಸ್ತ್ರಜ್ಞರದು, ಉಳಿದುದು ರಾಜಕಾರಣಿಗಳದು. ಅದನ್ನು ಒಂದು ಬರವಣಿಗೆಯಾಗಿ, ಅಂದರೆ ತನ್ನದೇ ಆದ ಶಬ್ದಗಳನ್ನೂ ರೂಪಕಗಳನ್ನೂ ಮೌನಗಳನ್ನೂ ಉಳ್ಳ ಪಠ್ಯವಾಗಿ ಓದಿದವರು ಕಡಿಮೆ. ಆ ಕೆಲಸವನ್ನು ಇಲ್ಲಿ ಸಣ್ಣ ಪ್ರಮಾಣದಲ್ಲಿ ಕೈಗೊಂಡಿದ್ದೇವೆ. ವರದಿಯನ್ನು ಬೆಂಗಳೂರಿನಲ್ಲಿ ಓದುವುದಕ್ಕೂ ಹೈದರಾಬಾದಿನ ದಿಲ್‌ಸುಖ್‌ನಗರದ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತು ಓದುವುದಕ್ಕೂ ವ್ಯತ್ಯಾಸವಿದೆ ಎಂಬುದು ಅಲ್ಲಿ ಕೆಲವು ದಿನ ತಂಗಿದ್ದಾಗ ನಮಗೆ ಮನವರಿಕೆಯಾಯಿತು.

ಹೊರರಾಜ್ಯದ ಓದುಗರಿಗಾಗಿ ಹಿನ್ನೆಲೆಯನ್ನು ಸಂಕ್ಷಿಪ್ತವಾಗಿ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಕನ್ನಡ ಭಾಗಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಧರ್ಮಸಿಂಗ್ ಸಮಿತಿ 1981ರಲ್ಲಿ ಈ ಭಾಗದ ಕುಂದುಕೊರತೆಗಳನ್ನು ಪಟ್ಟಿಮಾಡಿತು; 1991ರ ಕಾಯಿದೆಯಂತೆ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಬಂದಿತು. ನಂಜುಂಡಪ್ಪ ಸಮಿತಿ 2000ರಲ್ಲಿ ರಚಿತವಾಗಿ 2002ರಲ್ಲಿ ವರದಿಯನ್ನು ಒಪ್ಪಿಸಿತು. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಸೇರ್ಪಡೆಯಾಗಿ, 2013ರಲ್ಲಿ ಜಾರಿಗೆ ಬಂದಿತು. 2019ರಲ್ಲಿ ರಾಜ್ಯ ಸರ್ಕಾರ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಿಟ್ಟಿತು. ಸಂವಿಧಾನದ ಪಠ್ಯದಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ. ಹೈದರಾಬಾದನ್ನು ಹೆಸರಿನಿಂದ ತೆಗೆಯುವುದು ಸುಲಭ. ಬದುಕಿನಿಂದ ತೆಗೆಯುವುದು ಎಷ್ಟು ಕಷ್ಟವೆಂಬುದು ಮುಂದೆ ತಿಳಿಯುತ್ತದೆ.

ವರದಿಯ ಹಿರಿಮೆಯನ್ನು ಮೊದಲೇ ಒಪ್ಪಿಕೊಳ್ಳುವುದು ನ್ಯಾಯ. ಅದು ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಘಟಕವಾಗಿ ಹಿಡಿಯಿತು. 35 ಸೂಚಕಗಳನ್ನು ಒಟ್ಟುಗೂಡಿಸಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದು ತೋರಿಸಿತು: 35 ಹಿಂದುಳಿದವು, 40 ಹೆಚ್ಚು ಹಿಂದುಳಿದವು, 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಗುಲ್ಬರ್ಗ ವಿಭಾಗದವು. ಹದಿಮೂರು ದಕ್ಷಿಣದವು, ಬೆಂಗಳೂರಿನ ಮಗ್ಗುಲಲ್ಲಿರುವ ಕನಕಪುರವೂ ಅವುಗಳಲ್ಲೊಂದು. ಉತ್ತರದ ಗೋಳು ಎಂದು ತಳ್ಳಿಹಾಕಲಾಗುತ್ತಿದ್ದ ಅಳಲಿಗೆ ಹೀಗೆ ಅಂಕಿಗಳ ಆಧಾರ ದೊರೆಯಿತು. ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಗಳ ವಿಶೇಷ ಅಭಿವೃದ್ಧಿ ಯೋಜನೆಯನ್ನೂ ಅದು ಸೂಚಿಸಿತು.

ನಮ್ಮ ತಕರಾರು ಇರುವುದು ಅಳತೆಯ ಭಾಷೆಯಲ್ಲಿ. ವರದಿಯ ಮೂಲ ರೂಪಕ ಪಾತ್ರೆಯದು. ತಾಲ್ಲೂಕು ಒಂದು ಪಾತ್ರೆ; ಅದರಲ್ಲಿ ಇಷ್ಟು ಬ್ಯಾಂಕ್ ಶಾಖೆ, ಇಷ್ಟು ಟೆಲಿಫೋನು, ಇಷ್ಟು ವೈದ್ಯರು, ಆಸ್ಪತ್ರೆಯಲ್ಲಿ ಇಷ್ಟು ಹಾಸಿಗೆ ಇರಬೇಕಿತ್ತು, ಇಲ್ಲ. ಕೊರತೆಯನ್ನು ಅಳೆದ ಮೇಲೆ ಪರಿಹಾರವೂ ಅದೇ ರೂಪಕದಿಂದಲೇ ಹುಟ್ಟುತ್ತದೆ: ಪಾತ್ರೆಗೆ ಹಣ ಸುರಿಯಬೇಕು. ಪಾತ್ರೆಯ ತಳದಲ್ಲಿ ತೂತು ಇರಬಹುದೆಂಬ ಸಂಶಯಕ್ಕೆ ಈ ಭಾಷೆಯಲ್ಲಿ ಎಡೆಯಿಲ್ಲ. ಸರಾಸರಿಯನ್ನೇ ಮಾನದಂಡವಾಗಿಸಿದರೆ ಎಲ್ಲರೂ ಮುಂದೆ ಬಂದ ಕಾಲಕ್ಕೂ ಕೆಲವರು 1ಕ್ಕಿಂತ ಕೆಳಗೇ ಇರುತ್ತಾರೆಂಬುದು ಬೇರೆ ಮಾತು. ಅದನ್ನು ಅರ್ಥಶಾಸ್ತ್ರಜ್ಞರಿಗೇ ಬಿಡೋಣ.

ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗದ ಜೊತೆಗೆ ಸಿಂಧನೂರು ಮತ್ತು ಸಂಡೂರು ಕೂಡ ಇವೆ. ಈ ಸಾಲು ನಮ್ಮನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ದೇವದುರ್ಗದ ಬರ ಎಲ್ಲರೂ ಬಲ್ಲದ್ದು. ಸಂಡೂರು ಕಬ್ಬಿಣದ ಅದಿರಿನ ನೆಲ. ಸಿಂಧನೂರು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ತುಂಗಭದ್ರೆಯ ನೀರು ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಜಮೀನು ಕೊಂಡು ನೆಲೆಸಿದ ಊರುಗಳಿಗೆ ಅಲ್ಲಿ ಇಂದಿಗೂ ‘ಕ್ಯಾಂಪ್’ ಎಂದೇ ಹೆಸರು. ಅವರ ದುಡಿಮೆಯನ್ನು ನಾವು ಹಳಿಯುತ್ತಿಲ್ಲ. ನೀರನ್ನು ಗದ್ದೆಯಾಗಿ ಮಾಡುವ ವಿದ್ಯೆ, ಬಂಡವಾಳ ಎರಡೂ ಅವರಲ್ಲಿದ್ದವು, ಜೋಳ ಬೆಳೆಯುತ್ತಿದ್ದ ಸ್ಥಳೀಯ ಒಕ್ಕಲಿನಲ್ಲಿ ಇರಲಿಲ್ಲ. ಆದರೆ ನೀರಿರುವ ಸಿಂಧನೂರು, ಅದಿರಿರುವ ಸಂಡೂರು, ಎರಡೂ ಇಲ್ಲದ ಊರುಗಳು ಒಂದೇ ಪಂಕ್ತಿಯಲ್ಲಿ ಕುಳಿತಿರುವಾಗ ‘ಕೊರತೆ’ ಎಂಬ ಪದ ಮೂರಕ್ಕೂ ಸಲ್ಲದು. ಒಂದು ಕಡೆ ಸಂಪತ್ತು ಹೊರಗೆ ಹೋಗುತ್ತದೆ, ಇನ್ನೊಂದು ಕಡೆ ಹೊರಗಿನ ಬಂಡವಾಳ ಒಳಗೆ ಬರುತ್ತದೆ, ಮತ್ತೊಂದು ಕಡೆ ಜನರೇ ಹೊರಡುತ್ತಾರೆ. ಸೂಚ್ಯಂಕವು ಈ ಮೂರು ಚಲನೆಗಳನ್ನು ನಿಲ್ಲಿಸಿ ಒಂದೇ ಭಾವಚಿತ್ರ ತೆಗೆದಿದೆ.

ಜನರು ಹೊರಡುವುದಕ್ಕೆ ಈ ಸೀಮೆಯ ಕನ್ನಡದಲ್ಲಿ ‘ಗುಳೆ’ ಎಂಬ ಮಾತಿದೆ. ಸರ್ಕಾರಿ ಕನ್ನಡದ ‘ವಲಸೆ’ ಅದಕ್ಕೆ ಸಮಾನವಲ್ಲ. ವಲಸೆ ಹೋದವನು ಹೋದಲ್ಲಿ ನೆಲೆಸಬಹುದು. ಗುಳೆ ಹೋದವರು ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನೂ ಅಡುಗೆಯ ಪಾತ್ರೆಗಳನ್ನೂ ಎತ್ತಿಕೊಂಡು ಹೋಗಿ, ಮಳೆಗಾಲದ ಹೊತ್ತಿಗೆ ಮರಳುವವರು. ಮರಳುವುದು ಆ ಪದದ ಅರ್ಥದೊಳಗೇ ಇದೆ. ಗುಳೆಯ ದಾರಿಯೂ ಹೊಸದಲ್ಲ. ವಾಡಿಯಿಂದ ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ಹಾದು ಸಿಕಂದರಾಬಾದಿಗೆ ನಿಜಾಮರ ರೈಲು ಹೋಗತೊಡಗಿದ್ದು 1874ರಲ್ಲಿ. ಕಲಬುರಗಿಯಿಂದ ಹೈದರಾಬಾದಿಗೆ ಸುಮಾರು 220 ಕಿಲೋಮೀಟರು, ಬೆಂಗಳೂರಿಗೆ ಹೆಚ್ಚುಕಡಿಮೆ 600. ರಾಜಧಾನಿ ಬದಲಾದುದರಿಂದ ಹಳಿಗಳ ದಿಕ್ಕು ಬದಲಾಗಲಿಲ್ಲ.

ದಿಲ್‌ಸುಖ್‌ನಗರ ಒಂದು ಕಾಲಕ್ಕೆ ಹೊಲವಾಗಿದ್ದ ನೆಲ ಎನ್ನುತ್ತಾರೆ. ಈಗ ಅದು ವಿಜಯವಾಡದ ಹೆದ್ದಾರಿಯ ಮೇಲಿನ ದಟ್ಟವಾದ ಪೇಟೆ. 2018ರಿಂದ ಮೆಟ್ರೋ ರೈಲು ಅದರ ನೆತ್ತಿಯ ಮೇಲೆ ಹಾದುಹೋಗುತ್ತದೆ. ಕೆಳಗಿನ ಗಲ್ಲಿಗಳಲ್ಲಿ ಸ್ಪರ್ಧಾ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಬಾಡಿಗೆ ಕೋಣೆಗಳು, ಜೆರಾಕ್ಸ್ ಅಂಗಡಿಗಳು. ನಾವು ತಂಗಿದ್ದ ಕಟ್ಟಡದಲ್ಲಿ ಸೇಡಂ ಕಡೆಯ ಒಬ್ಬ ಯುವಕ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದನು. ಎದುರಿನ ನಿವೇಶನದಲ್ಲಿ ಏಳುತ್ತಿದ್ದ ಕಟ್ಟಡದ ಕಾವಲಿಗೂ ಕೂಲಿಗೂ ಇದ್ದುದು ಯಾದಗಿರಿ ಸೀಮೆಯ ಒಂದು ಸಂಸಾರ. ಊರಿಗೆ ಹೋಗುವುದು ಉಗಾದಿಗೆ, ಮೇಸ್ತ್ರಿಯ ಮುಂಗಡ ತೀರಿದ್ದರೆ ಮಾತ್ರ ಎಂದು ಆ ತಾಯಿ ಹೇಳಿದಳು. ಮಗಳು ಅಲ್ಲಿಯ ತೆಲುಗು ಶಾಲೆಗೆ ಹೋಗುತ್ತಿದ್ದಳು. ಊರಿನ ಕನ್ನಡ ಶಾಲೆಯ ಹಾಜರಿಯಲ್ಲಿ ಅವಳ ಹೆಸರೂ ಇನ್ನೂ ಇತ್ತು.

ಈ ಮಗುವನ್ನು ವರದಿಯೊಳಗೆ ಹುಡುಕಿ ನೋಡಿದೆವು. ಶಾಲೆಯಿಂದ ಹೊರಗುಳಿದ ಮಕ್ಕಳ ಪ್ರಮಾಣ 35 ಸೂಚಕಗಳಲ್ಲೊಂದು. ಊರಿನ ಹಾಜರಿಯನ್ನು ನಂಬಿದರೆ ಅವಳು ಕಲಿಯುತ್ತಿರುವವಳು, ಹಾಜರಿಯನ್ನು ಸರಿಪಡಿಸಿದರೆ ಶಾಲೆ ಬಿಟ್ಟವಳು. ಎರಡೂ ಸುಳ್ಳು. ಅವಳು ಕಲಿಯುತ್ತಿದ್ದಾಳೆ, ಆದರೆ ಅಲ್ಲಿ ಅಲ್ಲ. ಆ ಕಲಿಕೆ ಮುಂದಿನ ಮಳೆಗಾಲಕ್ಕೆ ಬೇರೊಂದು ಲಿಪಿಯಲ್ಲಿ ಮತ್ತೆ ಮೊದಲಿನಿಂದ ಆರಂಭವಾಗಬೇಕು. ತಾಲ್ಲೂಕಿನಲ್ಲಿ ಇನ್ನೊಂದು ಕೊಠಡಿ ಕಟ್ಟಿದರೆ ಸೂಚ್ಯಂಕ ಏರಬಹುದು, ಅವಳಿಗೆ ಏನೂ ಆಗುವುದಿಲ್ಲ. ತಂದೆತಾಯಿಯರ ಕೂಲಿ ಹೈದರಾಬಾದಿನ ಕಟ್ಟಡಗಳಲ್ಲಿ ಸೇರಿಹೋಗುತ್ತದೆ, ಅವರ ಬಡತನ ಮಾತ್ರ ಯಾದಗಿರಿಯ ಲೆಕ್ಕಕ್ಕೆ ಬೀಳುತ್ತದೆ. ಉದ್ಯೋಗ ಖಾತರಿ ಯೋಜನೆ 2006ರಲ್ಲಿ ಮೊದಲ ಹಂತದಲ್ಲೇ ಬೀದರ, ಗುಲ್ಬರ್ಗ, ರಾಯಚೂರುಗಳಿಗೆ ಬಂದಾಗ ಅದು ಊರಲ್ಲೇ ನಿಲ್ಲುವವರಿಗೆ ವರ್ಷಕ್ಕೆ ನೂರು ದಿನಗಳ ಕೆಲಸದ ಭರವಸೆ ಕೊಟ್ಟಿತು. ಉಳಿದ ದಿನಗಳ ಪ್ರಶ್ನೆಗೆ ಉತ್ತರ ಹೈದರಾಬಾದಿನಲ್ಲೇ ಇತ್ತು.

371(ಜೆ) ವಿಧಿಯ ಭಾಷೆ ಬೇರೆ. ಅದು ಪ್ರದೇಶಕ್ಕೆ ಪ್ರತ್ಯೇಕ ಮಂಡಳಿಯನ್ನೂ ಹಣದ ಸಮಾನ ಹಂಚಿಕೆಯನ್ನೂ ಹೇಳಿದ ಮೇಲೆ, ಶಿಕ್ಷಣ ಮತ್ತು ಉದ್ಯೋಗದ ಮೀಸಲಾತಿಯ ವಿಷಯದಲ್ಲಿ ವ್ಯಕ್ತಿಯ ಕಡೆಗೆ ತಿರುಗುತ್ತದೆ: ಹುಟ್ಟಿನಿಂದ ಅಥವಾ ವಾಸದಿಂದ ಆ ಪ್ರದೇಶಕ್ಕೆ ಸೇರಿದವರು ಎಂಬುದು ಅದರ ನಿರೂಪಣೆ. ಇದರ ಹತ್ತಿರದ ಮಾದರಿ ಆಂಧ್ರಕ್ಕಾಗಿ 1973ರ ತಿದ್ದುಪಡಿಯಿಂದ ಬಂದ 371(ಡಿ) ವಿಧಿ. ಅದರ ಹಿಂದೆ ನಿಜಾಮರ 1919ರ ಮುಲ್ಕಿ ನಿಯಮಗಳಿವೆ. ಹಾಗಾಗಿ ಕಲ್ಯಾಣ ಕರ್ನಾಟಕದ ಹೊಸ ಹಕ್ಕಿನ ವ್ಯಾಕರಣ ಹೈದರಾಬಾದಿನಲ್ಲೇ ರೂಪುಗೊಂಡದ್ದು. 1956ಕ್ಕೆ ಮೊದಲು ಸೇಡಂನವನು ಈ ನಗರದಲ್ಲಿ ಮುಲ್ಕಿ. ಇಂದು ಅದೇ ನಗರದಲ್ಲಿ ಕುಳಿತು ತಾನು ಸೇಡಂನವನೆಂಬ ಪ್ರಮಾಣಪತ್ರವನ್ನು ಕಡತದಲ್ಲಿ ಜೋಪಾನವಾಗಿಟ್ಟುಕೊಂಡಿದ್ದಾನೆ.

ಆ ಯುವಕನ ಮಟ್ಟಿಗೆ ವಿಧಿ ಸಾರ್ಥಕ. ಪ್ರದೇಶದೊಳಗಿನ ಕಾಲೇಜುಗಳ 70 ಶೇಕಡಾ ಸೀಟುಗಳ ಮೀಸಲಾತಿಯಿಂದ ಅವನ ಅಕ್ಕ ಎಂಜಿನಿಯರಿಂಗ್ ಓದಿದಳೆಂದು ಅವನೇ ಹೇಳಿದನು. ಗುಳೆಯ ಸಂಸಾರಕ್ಕೆ ಅದೇ ವಿಧಿ ಇನ್ನೊಂದು ಬಗೆಯಲ್ಲಿ ಎದುರಾಗುತ್ತದೆ. ಹುಟ್ಟು ಒಂದು ಕಡೆ, ವಾಸ ಇನ್ನೊಂದು ಕಡೆ, ಶಾಲೆ ಎರಡು ಕಡೆ ಹಂಚಿಹೋಗಿರುವ ಮಗು ತಾನು ಎಲ್ಲಿಯವಳೆಂದು ಕಾಗದದಿಂದ ರುಜುವಾತುಪಡಿಸಬೇಕು. ಈ ಹೊರೆ ಹೊರಲು ಅತ್ಯಂತ ಅಶಕ್ತರು ಯಾರೋ ಅವರ ಮೇಲೆಯೇ ಅದು ಬೀಳುತ್ತದೆ. ವರದಿ ಸ್ಥಳವನ್ನು ಹಿಡಿದು ಚಲಿಸುವವನನ್ನು ಬಿಟ್ಟಿತು; ವಿಧಿ ವ್ಯಕ್ತಿಯನ್ನು ಹಿಡಿಯಿತಾದರೂ ಅವನನ್ನು ಸ್ಥಳಕ್ಕೆ ಕಟ್ಟಿಯೇ ಹಿಡಿಯಿತು.

ಋತುಮಾನದ ಗುಳೆಯನ್ನು ಎಣಿಸುವುದು ಕಷ್ಟವೆಂದು ಅರ್ಥಶಾಸ್ತ್ರಜ್ಞರು ಆಕ್ಷೇಪಿಸಬಹುದು. ಕಷ್ಟವೇ ಸರಿ. ದಶಕಕ್ಕೊಮ್ಮೆ ನಡೆಯುವ ಜನಗಣತಿ ಊರಿಗೆ ಬಂದಾಗ ಮನೆಗೆ ಬೀಗವಿದ್ದರೆ ಎಣಿಸುವವರೇನು ಮಾಡಿಯಾರು? ಆದರೆ ಎಣಿಕೆಯ ಜಾಗಗಳು ಇಲ್ಲವೆಂದಿಲ್ಲ. ಗುಳೆಯ ತಿಂಗಳುಗಳಲ್ಲಿ ಶಾಲೆಯ ಹಾಜರಿ ಎಷ್ಟು ಇಳಿಯುತ್ತದೆ, ನ್ಯಾಯಬೆಲೆ ಅಂಗಡಿಯಲ್ಲಿ ಎಷ್ಟು ಪಡಿತರ ಚೀಟಿಗಳು ಸುಮ್ಮನಿರುತ್ತವೆ, ವಾಡಿ ಮತ್ತು ಸೇಡಂ ನಿಲ್ದಾಣಗಳಲ್ಲಿ ಯಾವ ತಿಂಗಳು ಎಷ್ಟು ಟಿಕೆಟು ಮಾರಾಟವಾಗುತ್ತವೆ, ಇವೆಲ್ಲ ಎಲ್ಲೋ ಬರೆದಿಟ್ಟ ಸಂಗತಿಗಳೇ. 2024ರಲ್ಲಿ ಸರ್ಕಾರ ಅರ್ಥಶಾಸ್ತ್ರಜ್ಞ ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಹೊಸ ಸಮಿತಿಯೊಂದನ್ನು ರಚಿಸಿದಾಗ, ಹಳೆಯ 35 ಸೂಚಕಗಳನ್ನು ಮರುಪರಿಶೀಲಿಸಲು ಅವಕಾಶ ಮತ್ತೆ ತೆರೆಯಿತು. ಆ ಚರ್ಚೆಯಲ್ಲಿ ಕನ್ನಡ ಅಧ್ಯಯನದವರು ಸಲ್ಲಿಸಬಹುದಾದ ಕಾಣಿಕೆ ಸೂತ್ರಗಳಲ್ಲ, ಒಂದು ಪದ. ಗುಳೆಯನ್ನು ವಲಸೆಯೆಂದು ಅನುವಾದಿಸದೆ, ಮರಳುವ ಅರ್ಥವನ್ನೂ ಉಳಿಸಿಕೊಂಡು ಅದೇ ಹೆಸರಿನ ಒಂದು ಕಲಮನ್ನು ಕೋಷ್ಟಕದಲ್ಲಿ ಸೇರಿಸಬೇಕು. ಅದರ ಅಂಕಿಗಳನ್ನು ಸಂಗ್ರಹಿಸುವವರು ತಾಲ್ಲೂಕು ಕಚೇರಿಗಳಿಗೆ ಹೋದಂತೆಯೇ ಹೈದರಾಬಾದಿನ ಕಟ್ಟಡಗಳ ಬುಡಕ್ಕೂ ಹೋಗಬೇಕಾಗುತ್ತದೆ.